ದೊಡ್ಡಪ್ಪನ ಫಾರ್ವರ್ಡ್ ಮತ್ತು ಆಡುಸೋಗೆ ಎಲೆ

ದೊಡ್ಡಪ್ಪ: (ಫಾರ್ವರ್ಡ್) ಆಡುಸೋಗೆ ಎಲೆಯ ಸಾರದಲ್ಲಿ ಹತ್ತಾರು ಔಷಧೀಯ ರಾಸಾಯನಿಕಗಳು ಪತ್ತೆ! ಕೆಮ್ಮು, ದಮ್ಮು, ಕ್ಷಯ ಎಲ್ಲಕ್ಕೂ ಒಂದೇ ಕಷಾಯ. ಅಡ್ಡಪರಿಣಾಮ ಇಲ್ಲವೇ ಇಲ್ಲ. ಎಲ್ಲರಿಗೂ ತಲುಪಿಸಿ.

ಸ್ಮಿತಾ: ದೊಡ್ಡಪ್ಪ, ಆ ಕ್ಷಯದ ಮಾತು ಮೊದಲು ತೆಗೀರಿ. ಅದಕ್ಕೆ ಸಾಮಾನ್ಯವಾಗಿ 6 ತಿಂಗಳು ಮಾತ್ರೆ ತಗೋಬೇಕು. ಇದನ್ನ ನಂಬಿ ಯಾರಾದ್ರೂ ನಡುವೆ ಬಿಟ್ರೆ, ಆಮೇಲೆ ಮಾತ್ರೆಗೂ ಬಗ್ಗದ ಕ್ಷಯ ಆಗಬಹುದು.

ದೊಡ್ಡಪ್ಪ: ಫಾರ್ಮಸಿ ಓದಿದ ಮೇಲೆ ನಿನಗೆ ಗಿಡಮೂಲಿಕೆ ಎಲ್ಲ ಸುಳ್ಳೇ.

ಸ್ಮಿತಾ: ಸುಳ್ಳು ಅಂತ ಯಾರಂದ್ರು? ಆ ಎಲೇಲಿ ವ್ಯಾಸಿಸಿನ್ ಅನ್ನೋ ಆಲ್ಕಲಾಯ್ಡ್, ಅಂದ್ರೆ ಗಿಡ ತಾನೇ ತಯಾರಿಸೋ ಒಂದು ಬಗೆ ರಾಸಾಯನಿಕ, ಇದೆ. ಅದರ ರಚನೆ ನೋಡ್ಕೊಂಡೇ ಕಫ ಸಡಿಲಿಸೋ ಔಷಧಿ ಬ್ರೋಮ್‌ಹೆಕ್ಸಿನ್ ತಯಾರಿಸಿದ್ದು, 1960ರ ದಶಕದಲ್ಲಿ ಬಳಕೆಗೆ ಬಂತು. ಅದು ಮೈಯೊಳಗೆ ಹೋಗಿ ಆಂಬ್ರಾಕ್ಸಾಲ್ ಆಗುತ್ತೆ. ನಿಮ್ಮ ಕಫದ ಸಿರಪ್ ಬಾಟ್ಲಿ ತಿರುಗಿಸಿ ಓದಿ, ಇವೆರಡರಲ್ಲಿ ಒಂದು ಸಿಕ್ಕರೂ ಸಿಗಬಹುದು.

ದೊಡ್ಡಪ್ಪ: ಹಾಗಾದ್ರೆ ನೀನೇ ಒಪ್ಪಿಕೊಂಡ ಹಾಗಾಯ್ತು!

ರಘು: ಈ ಸುತ್ತು ದೊಡ್ಡಪ್ಪಂದು 😄

ಸ್ಮಿತಾ: ತಡಿಯೋ ರಘು. ಇಂಥ ‘ಹತ್ತಾರು ರಾಸಾಯನಿಕ’ಗಳ ಪಟ್ಟಿ ಹೇಗೆ ಹುಟ್ಟುತ್ತೆ ಅಂತ ಲ್ಯಾಬಲ್ಲಿ ದಿನಾ ನೋಡ್ತೀನಿ. ಒಣಗಿದ ಎಲೆಪುಡೀನ ಹೆಚ್ಚಾಗಿ ಒಂದು ಬಗೆ ಆಲ್ಕೋಹಾಲ್ ಆದ ಮೆಥನಾಲ್‌ನಲ್ಲಿ ನೆನೆಸ್ತಾರೆ. ಅದಕ್ಕೆ ಇಳಿಯೋದೆಲ್ಲ ನಿಮ್ಮ ಕುದಿಸಿದ ನೀರಿಗೆ ಇಳಿಯಲ್ಲ. ಆಮೇಲೆ ರಾಸಾಯನಿಕ ಗುರುತಿಸೋ ಜಿಸಿ-ಎಂಎಸ್ ಯಂತ್ರಕ್ಕೆ ಹಾಕಿದ್ರೆ, ಆವಿಯಾಗೋದನ್ನಷ್ಟೇ ಹಿಡಿದು, ತನ್ನ ಲೈಬ್ರರಿಯಲ್ಲಿ, ಅಂದ್ರೆ ಮೊದಲೇ ತುಂಬಿಟ್ಟ ದಾಖಲೆಯಲ್ಲಿ, ಯಾವುದಕ್ಕೆ ಹೋಲುತ್ತೋ ಆ ಹೆಸರು ಕೊಡುತ್ತೆ. ಎಷ್ಟೋ ಪಟ್ಟಿಗಳಲ್ಲಿ ಥ್ಯಾಲೇಟ್ ಇರುತ್ತೆ. ಪ್ಲಾಸ್ಟಿಕ್ ಮೆತ್ತಗಾಗಲಿ ಅಂತ ಹಾಕೋ ವಸ್ತು ಅದು! ಎಲೆಯಿಂದ ಬಂತೋ ಲ್ಯಾಬಿನ ಟ್ಯೂಬಿಂದ ಬಂತೋ ಅಂತ ಕೇಳೋರೇ ಇಲ್ಲ. ಇನ್ನು ಲ್ಯಾಬಿನ ತಟ್ಟೇಲಿ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಔಷಧಿ ಅನ್ನೋದಾದ್ರೆ ಫಿನಾಯಿಲೂ ಔಷಧೀನೇ.

ಚಿಕ್ಕಮ್ಮ: ಅದೆಲ್ಲ ಇರಲಿ ಕಣೆ. ನಾನು ಕುಡಿದಾಗಲೆಲ್ಲ ಕಫ ಸಡಿಲ ಆಗಿದೆಯಲ್ಲ?

ಸ್ಮಿತಾ: ಆಗಿರಬಹುದು ಚಿಕ್ಕಮ್ಮ, ಇಲ್ಲ ಅನ್ನಲ್ಲ. ನೆಗಡಿ ಕೆಮ್ಮು ತಾನಾಗೂ ಇಳಿಯುತ್ತೆ ಅನ್ನೋದು ಬೇರೆ ಮಾತು. ನನ್ನ ತಕರಾರು ಅಳತೆಯದ್ದು. ಯಾವ ಕಾಲದಲ್ಲಿ ಕಿತ್ತಿದ್ದು, ಎಳೆಯದೋ ಬಲಿತದ್ದೋ, ಹೇಗೆ ಒಣಗಿಸಿದ್ದು, ಇದರ ಮೇಲೆ ವ್ಯಾಸಿಸಿನ್ ಏರುಪೇರಾಗುತ್ತೆ. ಒಂದಿಷ್ಟು ಗಾಳಿಗೆ ವ್ಯಾಸಿಸಿನೋನ್ ಅನ್ನೋ ಬೇರೆ ವಸ್ತು ಆಗಿಬಿಡುತ್ತೆ. ಮಾತ್ರೆಯಾದ್ರೆ ಮಿಲಿಗ್ರಾಂ ಬರೆದಿರುತ್ತೆ, ಲೋಟದ ಮೇಲೆ ಬರೆದಿರುತ್ತಾ?

ದೊಡ್ಡಪ್ಪ: ಸ್ವಲ್ಪ ಹೆಚ್ಚಾದ್ರೆ ಏನಾಗುತ್ತೆ? ಸೊಪ್ಪು ತಾನೆ?

ಸ್ಮಿತಾ: ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಈ ಸೊಪ್ಪನ್ನ ಅದೂ ಬಿಟ್ಟು ಮುಂದೆ ಹೋಗುತ್ತೆ ದೊಡ್ಡಪ್ಪ. ನಿಮ್ಮ ಫಾರ್ವರ್ಡಿನ ‘ಅಡ್ಡಪರಿಣಾಮ ಇಲ್ಲವೇ ಇಲ್ಲ’ ಅನ್ನೋ ಸಾಲೇ ನನಗೆ ಭಯ. ವ್ಯಾಸಿಸಿನ್ ಗರ್ಭಕೋಶ ಸಂಕೋಚಿಸೋ ಹಾಗೆ ಮಾಡುತ್ತೆ. ಬಸುರಿಯರು ಇದನ್ನ ಕುಡೀಬಾರದು.

ಪ್ರಿಯಾ ಅಕ್ಕ: ಸ್ಮಿತಾ, ನಿನ್ನೆ ರಾತ್ರಿ ಕೆಮ್ಮು ಅಂತ ಅತ್ತೆ ನಂಗೆ ಅರ್ಧ ಲೋಟ ಕೊಟ್ರು.

ಸ್ಮಿತಾ: ಹೊಟ್ಟೆ ಹಿಡಿದುಕೊಳ್ಳೋದು, ರಕ್ತ ಹೋಗೋದು ಏನಾದ್ರೂ ಇದೆಯಾ ಅಕ್ಕ?

ಪ್ರಿಯಾ ಅಕ್ಕ: ಏನೂ ಇಲ್ಲ.

ಸ್ಮಿತಾ: ಗಾಬರಿ ಬೇಡ. ಇನ್ನು ಕುಡೀಬೇಡ. ಈಗಲೇ ನಿನ್ನ ಡಾಕ್ಟರಿಗೆ ಫೋನ್ ಮಾಡಿ, ಯಾವ ಎಲೆ, ಎಷ್ಟು ಕುಡಿದೆ ಅಂತ ಹೇಳು. ನಾನೂ ಕರೆ ಮಾಡ್ತಿದ್ದೀನಿ, ಎತ್ತು.

(ಇಪ್ಪತ್ತು ನಿಮಿಷ ಯಾರೂ ಬರೆದಿಲ್ಲ.)

ಪ್ರಿಯಾ ಅಕ್ಕ: ಮಾತಾಡಿದೆ. ನಾಳೆ ಬೆಳಿಗ್ಗೆ ಬಂದು ತೋರಿಸು, ಅದಕ್ಕೆ ಮುಂಚೆ ನೋವು ಬಂದ್ರೆ ತಕ್ಷಣ ಬಾ ಅಂದ್ರು.

ದೊಡ್ಡಪ್ಪ: ಸ್ಮಿತಾ, ಇದನ್ನ ಇನ್ನೂ ಮೂರು ಗುಂಪಿಗೆ ಹಾಕಿದ್ದೀನಿ. ಅಲ್ಲಿ ಏನಂತ ಬರೀಲಿ?

ಸ್ಮಿತಾ: ಬಸುರಿಯರದ್ದು ಮೊದಲು, ಕ್ಷಯದ್ದು ಆಮೇಲೆ. ಮಿಕ್ಕಿದ್ದಕ್ಕೆ ನಾವಿಲ್ಲಿ ಜಗಳ ಆಡ್ತಾ ಇರೋಣ.