ಸಬ್‌ವೂಫರ್ ಬಂತು, ಹಾಡು ಕೆಟ್ಟಿತು: ಅನುಭವ ಇದ್ದವರು ಹೇಳಿ

ಪುಟ್ಟ ಬುಕ್‌ಶೆಲ್ಫ್ ಸ್ಪೀಕರ್ ಜೋಡಿಯಲ್ಲಿ ಎಷ್ಟೋ ವರ್ಷ ಹಾಡು ಕೇಳಿದ್ದೇನೆ. ತಳದ ಸ್ವರ ಸಾಲದು ಅನ್ನಿಸಿ ಹೋದ ತಿಂಗಳು 10 ಇಂಚಿನ ಸೀಲ್ಡ್ (ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯ) ಸಬ್‌ವೂಫರ್ ತಂದೆ. ಕೋಣೆ 5 ಮೀಟರ್ ಉದ್ದ, 3.6 ಮೀಟರ್ ಅಗಲ, 3 ಮೀಟರ್ ಎತ್ತರ. ಸಬ್ ಮೂಲೆಯಲ್ಲಿದೆ. ನನ್ನ ಕುರ್ಚಿ ಸರಿಯಾಗಿ ಕೋಣೆಯ ನಡುವೆ. ಕೇಳುವುದು ಸಂಗೀತ ಮಾತ್ರ, ಸಿನಿಮಾ ಇಲ್ಲ.

ತೊಂದರೆ ಏನಂದರೆ, ಬೇಸ್ ಗಿಟಾರಿನ ಒಂದೆರಡು ಸ್ವರ ಗುಂಯ್ ಅಂತ ಎದ್ದು ಬರುತ್ತವೆ. ಅತಿ ಕೆಳಗಿನ ಸ್ವರಗಳು ಪತ್ತೆಯೇ ಇಲ್ಲ. ವಾಲ್ಯೂಮ್ ಏರಿಸಿದರೆ ಗುಂಯ್ ಜಾಸ್ತಿ ಆಗುತ್ತದೆಯೇ ಹೊರತು ಕಾಣೆಯಾದದ್ದು ವಾಪಸ್ ಬರುವುದಿಲ್ಲ. ವಿಚಿತ್ರ ಅಂದರೆ, ಎದ್ದು ಹೋಗಿ ಬಾಗಿಲ ಹತ್ತಿರ ನಿಂತರೆ ಅದೇ ಹಾಡು ತುಂಬಿಕೊಂಡು ಕೇಳುತ್ತದೆ. ಇದನ್ನು ಯಾರಿಗಾದರೂ ಕೊಟ್ಟು, 12 ಇಂಚಿನ ಡ್ರೈವರ್ (ಪೆಟ್ಟಿಗೆ ಇಲ್ಲದ ಬರೀ ಸ್ಪೀಕರ್) ತಂದು ನಾನೇ ಪೆಟ್ಟಿಗೆ ಕಟ್ಟೋಣ ಅಂತ ಯೋಚನೆ. ಕಟ್ಟಿದವರು, ಕೂರಿಸಿದವರು, ಕೈ ಸುಟ್ಟುಕೊಂಡವರು ಎಲ್ಲರೂ ಹೇಳಿ.

* * *

ಮರ ಕೊಯ್ಯುವ ಮುಂಚೆ ಕುರ್ಚಿ ಸರಿಸಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ವಿಷಯದಲ್ಲಿ ನಿಜಕ್ಕೂ ನೆಲವೇ ಡೊಂಕು!

ಅಳತೆ ಕೊಟ್ಟಿದ್ದು ಒಳ್ಳೆಯದಾಯಿತು, ಲೆಕ್ಕ ಹಾಕಬಹುದು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ 10ರಿಂದ ಭಾಗಿಸಿ. 34 ಹರ್ಟ್ಸ್ ಬಂತು. ಅಗಲಕ್ಕೂ ಹೀಗೇ ಮಾಡಿದರೆ 48ರ ಹತ್ತಿರ. ಈ ಎರಡು ಕಡೆ ಅಲೆ ಎದುರುಬದುರು ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಹತ್ತಿರ ಜೋರು, ನಟ್ಟನಡುವೆ ಹೆಚ್ಚುಕಡಿಮೆ ಸೊನ್ನೆ. ಎರಡು ಸೊನ್ನೆಗಳೂ ಸೇರುವ ಜಾಗ ಹುಡುಕಿ ಅಲ್ಲೇ ಕುರ್ಚಿ ಹಾಕಿದ್ದೀರಿ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಸುಮ್ನೆ ಮೀಟಿದರೆ 41 ಹರ್ಟ್ಸ್. ಅದು ಈ ಎರಡರ ಮಧ್ಯೆಯೇ ಬೀಳುತ್ತದೆ. ಬಾಗಿಲ ಹತ್ತಿರ ತುಂಬಿ ಕೇಳುವುದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ?

ಇನ್ನು ಗುಂಯ್. ಹೀಗೆ ನಿಂತ ಅಲೆಗೆ ಮೋಡ್ ಅನ್ನುತ್ತಾರೆ. ಉದ್ದದ ಎರಡನೇ ಮೋಡ್ ಮೊದಲನೆಯದಾದ 34ರ ಎರಡರಷ್ಟು, 69 ಹರ್ಟ್ಸ್. ಅದು ನಡುವೆ ಜೋರಾಗಿರುತ್ತದೆ. ಎ ತಂತಿಯ ನಾಲ್ಕನೇ ಫ್ರೆಟ್ ಒತ್ತಿ ಮೀಟಿದರೆ ಬರುವುದೂ 69. ನಿಮ್ಮ ಗುಂಯ್ ಅದೇ ಇರಬೇಕು, ಹಾಡು ಹಾಕಿ ನೋಡಿ.

ಸ್ಟೀರಿಯೋ ಸರಿಯಾಗಿ ಕೇಳಬೇಕಾದರೆ ಅಗಲದಲ್ಲಿ ನಡುವೆಯೇ ಕೂರಬೇಕು, ಅದನ್ನು ಬಿಡಿ. ಉದ್ದದಲ್ಲಿ ಮಾತ್ರ 60 ಸೆಂಟಿಮೀಟರ್ ಹಿಂದಕ್ಕೆ ಹೋಗಿ. ಹಿಂದಿನ ಗೋಡೆಗೆ ಅಂಟಿಕೊಳ್ಳಬೇಡಿ, ಅಲ್ಲಿ ಎಲ್ಲಾ ಮೋಡ್‌ಗಳೂ ಒಟ್ಟಿಗೆ ಮೈಮೇಲೆ ಬರುತ್ತವೆ.

* * *

ಮೇಲಿನ ಲೆಕ್ಕ ಸರಿ. ಆದರೆ ನಿಜವಾದ ಕೋಣೆಯಲ್ಲಿ ಬಾಗಿಲು, ಕಿಟಕಿ, ಕಪಾಟು ಎಲ್ಲ ಇರುತ್ತವೆ, ಲೆಕ್ಕ ಸ್ವಲ್ಪ ಅತ್ತಿತ್ತ ಆಗುತ್ತದೆ. ಹಾಗಾಗಿ ನಾನು ಮಾಡಿದ್ದು ಹೇಳುತ್ತೇನೆ.

ಕುರ್ಚಿ ತೆಗೆದು ಅದೇ ಜಾಗದಲ್ಲಿ ಸ್ಟೂಲ್ ಹಾಕಿ ಸಬ್ ಕೂರಿಸಿದೆ. ಡಬಲ್ ಬೇಸ್ ಮೇಲಿಂದ ಕೆಳಕ್ಕೆ ನಡೆದುಕೊಂಡು ಹೋಗುವ ಒಂದು ತುಣುಕನ್ನು ಸುತ್ತಿ ಸುತ್ತಿ ಬರುವ ಹಾಗೆ ಹಾಕಿದೆ. ಆಮೇಲೆ ಅಂಬೆಗಾಲಲ್ಲಿ ಗೋಡೆಗುಂಟ ಹೊರಟೆ, ಕಿವಿ ನೆಲದ ಹತ್ತಿರ. ಮೂಲೆಯಲ್ಲಿ ಎಲ್ಲವೂ ದೊಡ್ಡದು, ಒಂದಕ್ಕೊಂದು ಅಂಟಿಕೊಂಡ ಹಾಗೆ. ಮುಂದಿನ ಗೋಡೆಯ ನಡುವಿಂದ ಒಂದು ಮೊಳ ಪಕ್ಕಕ್ಕೆ ಬಂದಾಗ ಪ್ರತಿ ಸ್ವರವೂ ಒಂದೇ ಎತ್ತರದ ಮೆಟ್ಟಿಲ ಹಾಗೆ ಕೇಳಿತು. ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಸಬ್ಬನ್ನು ಅಲ್ಲಿಗೆ ತಂದು, ಕುರ್ಚಿ ವಾಪಸ್ ಹಾಕಿ ಕೂತೆ. ಅದೇ ಮೆಟ್ಟಿಲು. ಶಬ್ದ ಹೊರಡುವ ಜಾಗ, ಕೇಳುವ ಜಾಗ ಅದಲುಬದಲಾದರೂ ದಾರಿ ಒಂದೇ, ಅದಕ್ಕೇ ಈ ಉಪಾಯ ಕೆಲಸ ಮಾಡುತ್ತದೆ.

ಮನೆಯಲ್ಲಿ ಯಾರೂ ಇಲ್ಲದಾಗ ಮಾಡಿ. ನಾನು ಸಿಕ್ಕಿಬಿದ್ದಿದ್ದೆ, ಇವತ್ತಿಗೂ ನಗುತ್ತಾರೆ.

* * *

ಪೆಟ್ಟಿಗೆ ಕಟ್ಟಿ ಕೈ ಸುಟ್ಟುಕೊಂಡವನು ನಾನು.

ಮೊದಲು 12 ಇಂಚಿನ ಆಸೆಯ ಬಗ್ಗೆ. 10ಕ್ಕಿಂತ ಅದರ ಕೋನ್ ವಿಸ್ತೀರ್ಣ ಸುಮಾರು ಒಂದೂವರೆ ಪಟ್ಟು. ಅಷ್ಟೇ ದೂರ ಓಡಾಡಿದರೆ ಸಿಗುವುದು 3.5 ಡೆಸಿಬೆಲ್ ಜಾಸ್ತಿ. ಕೋಣೆಯ ಗುಂಡಿ, ಅಂದರೆ ಕುರ್ಚಿಯಲ್ಲಿ ಸ್ವರ ಕಾಣೆಯಾಗುವ ಜಾಗ, 15 ಡೆಸಿಬೆಲ್ ಆಳ ಇದ್ದರೆ 3.5 ಎಲ್ಲಿ ಸಾಕಾಗುತ್ತದೆ? ಜತೆಗೆ ಗುಂಯ್ ಕೂಡ ಅಷ್ಟೇ ಏರುತ್ತದೆ.

ಆದರೂ ಕಟ್ಟುತ್ತೀರಿ ಅಂದರೆ, ಪೆಟ್ಟಿಗೆಯ ಅಳತೆ ಕಣ್ಣಂದಾಜಿನಲ್ಲಿ ಬೇಡ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ದಾರಿ ಹಾಕಿಕೊಟ್ಟರು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದರು. ಡ್ರೈವರ್ ಜತೆ ಬರುವ ಕಾಗದದಲ್ಲಿ ಎಫ್‌ಎಸ್ (ಡ್ರೈವರಿನ ಸಹಜ ಕಂಪನ), ಕ್ಯೂಟಿಎಸ್ (ಅದರ ಕ್ಯೂ, ಅಂದರೆ ಆ ಕಂಪನ ಎಷ್ಟು ಹೊತ್ತು ಗುಂಯ್ ಅನ್ನುತ್ತದೆ ಅನ್ನುವ ಅಳತೆ), ವ್ಯಾಸ್ (ಕೋನಿನ ಸ್ಪ್ರಿಂಗಿನಷ್ಟೇ ಬಿಗಿಯಾದ ಗಾಳಿಯ ಅಳತೆ) ಅಂತ ಇರುವುದು ಅವರ ಹೆಸರಿನ ಅಂಕಿಗಳೇ. ಒಂದು ಉದಾಹರಣೆ: ಎಫ್‌ಎಸ್ 25 ಹರ್ಟ್ಸ್, ಕ್ಯೂಟಿಎಸ್ 0.4, ವ್ಯಾಸ್ 60 ಲೀಟರ್. ಸೀಲ್ಡ್ ಪೆಟ್ಟಿಗೆಯಲ್ಲಿ ಒಟ್ಟು ಕ್ಯೂ 0.707 ಬೇಕು. 0.707ನ್ನು 0.4ರಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆಯಿರಿ: 2.12. 60ನ್ನು ಅದರಿಂದ ಭಾಗಿಸಿದರೆ 28 ಲೀಟರ್. ಡ್ರೈವರಿನ ಹಿಂಭಾಗ ಮತ್ತು ಒಳಗಿನ ಅಡ್ಡಪಟ್ಟಿಗಳು ತಿನ್ನುವ ಜಾಗವನ್ನು ಇದಕ್ಕೆ ಸೇರಿಸಿ. 0.707ನ್ನು 0.4ರಿಂದ ಭಾಗಿಸಿ ಬಂದದ್ದನ್ನು ಎಫ್‌ಎಸ್ 25ಕ್ಕೆ ಗುಣಿಸಿದರೆ 44. ಆ ಪೆಟ್ಟಿಗೆ 44 ಹರ್ಟ್ಸ್ ಕೆಳಗೆ ಆಕ್ಟೇವಿಗೆ (ಕಂಪನ ಅರ್ಧವಾದಾಗಲೆಲ್ಲ) 12 ಡೆಸಿಬೆಲ್‌ನಂತೆ ಇಳಿಯುತ್ತದೆ. ಚಿಕ್ಕ ಕೋಣೆ ತಳದಲ್ಲಿ ಸ್ವಲ್ಪ ಎತ್ತಿಕೊಡುತ್ತದೆ, ಹಾಗಾಗಿ ಇದು ಅಂಕಿಯಲ್ಲಿ ಕಾಣುವಷ್ಟು ಕೆಟ್ಟದ್ದಲ್ಲ.

ನಾನು ಮಾಡಿದ ತಪ್ಪು ಪೋರ್ಟ್. ಸೀಲ್ಡ್ ಸಾಲದು ಅಂತ ಪೋರ್ಟ್, ಅಂದರೆ ಪೆಟ್ಟಿಗೆಯ ಗಾಳಿ ಹೊರಗೆ ಬರುವ ಕೊಳವೆ ಇಟ್ಟೆ, ಅದೂ ಸಣ್ಣದು. ಜೋರಾಗಿ ಹಾಕಿದರೆ ಹಾಡಿನ ಜತೆ ಫೂಸ್ ಫೂಸ್ ಅಂತ ಉಸಿರು. ಅದನ್ನಾದರೂ ಸಹಿಸಬಹುದಿತ್ತು. ಪೋರ್ಟ್ ಟ್ಯೂನ್ ಆದ ಕಂಪನಕ್ಕಿಂತ ಕೆಳಗೆ ಕೋನನ್ನು ಹಿಡಿಯುವವರೇ ಇರುವುದಿಲ್ಲ. ಒಂದು ದಿನ ಪೈಪ್ ಆರ್ಗನ್ ರೆಕಾರ್ಡಿಂಗ್ ಹಾಕಿದೆ. ಕೋನ್ ಒಳಗೆ ಹೊರಗೆ ಈಜಾಡಿತು, ಆಮೇಲೆ ಟಕ್ ಅಂತ ಒಂದು ಸದ್ದು. ಮಾರನೇ ದಿನ ಕೋನ್ ಮೆಲ್ಲಗೆ ಒತ್ತಿದರೆ ಮರಳು ಉಜ್ಜಿದ ಹಾಗೆ ಕರಕರ. ಕೋನನ್ನು ಓಡಿಸುವ ತಂತಿಯ ಸುರುಳಿ, ವಾಯ್ಸ್ ಕಾಯಿಲ್, ಹೋಗಿತ್ತು. ಅತಿ ತಳದ ಕಂಪನಗಳನ್ನು ತಡೆಯುವ ಫಿಲ್ಟರ್ ಇಲ್ಲದೆ ಪೋರ್ಟ್ ಪೆಟ್ಟಿಗೆ ಓಡಿಸಬೇಡಿ.

* * *

ಎಲ್ಲರೂ ಜಾಗದ ಬಗ್ಗೆ ಹೇಳಿದರು, ಬೆಸುಗೆಯ ಬಗ್ಗೆ ಯಾರೂ ಹೇಳಲಿಲ್ಲ. ಸಬ್ ಮತ್ತು ಸ್ಪೀಕರ್ ಸೇರುವ ಜಾಗದಲ್ಲಿ ಹಾಡು ಹಾಳಾಗುವುದೇ ಜಾಸ್ತಿ ಅನ್ನುತ್ತೇನೆ ನಾನು.

ಸಬ್ಬನ್ನು ಎಷ್ಟು ಹರ್ಟ್ಸ್‌ವರೆಗೆ ಹಾಡಿಸುತ್ತಿದ್ದೀರಿ? 110, 120 ಇದ್ದರೆ ಗಂಡು ದನಿಯ ಬುಡ ಮೂಲೆಯಿಂದ ಬರುತ್ತದೆ, ಕಿವಿ ಜಾಗ ಪತ್ತೆ ಹಚ್ಚುತ್ತದೆ. 80ರ ಸುತ್ತಮುತ್ತ ಶುರು ಮಾಡಿ. ಆಂಪ್ಲಿಫೈಯರ್‌ನಲ್ಲಿ ಸೌಲಭ್ಯ ಇದ್ದರೆ ಸ್ಪೀಕರ್‌ಗೂ ಅಲ್ಲೇ ಕತ್ತರಿ ಹಾಕಿ, ಅದರ ಕೆಳಗಿನ ಸ್ವರ ಸಬ್‌ಗೆ ಮಾತ್ರ ಹೋಗಲಿ. ಒಂದು ಆಕ್ಟೇವ್ ಕೆಳಗಿಳಿದು ಅಷ್ಟೇ ಜೋರು ಬೇಕಂದರೆ ಕೋನ್ ನಾಲ್ಕು ಪಟ್ಟು ಓಡಬೇಕು. ಆ ಕೂಲಿ ತಪ್ಪಿದರೆ ಪುಟ್ಟ ಸ್ಪೀಕರ್ ಮಧ್ಯದ ಸ್ವರಗಳನ್ನು ಎಷ್ಟು ಹಗುರವಾಗಿ ಹೇಳುತ್ತದೆ ನೋಡಿ.

ಆಮೇಲೆ ಫೇಸ್, ಅಂದರೆ ಎರಡರ ಅಲೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಅನ್ನುವುದು. 80 ಹರ್ಟ್ಸ್ ಅಲೆ 4.3 ಮೀಟರ್ ಉದ್ದ. ಸಬ್ ಮತ್ತು ಸ್ಪೀಕರಿನ ದೂರದಲ್ಲಿ 2 ಮೀಟರ್ ವ್ಯತ್ಯಾಸ ಇದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಒಳಗೆ ಡಿಜಿಟಲ್ ಫಿಲ್ಟರ್ ಇರುವ ಸಬ್ ತಾನೇ ಕೆಲವು ಮಿಲಿಸೆಕೆಂಡ್ ತಡ ಮಾಡಬಹುದು. ಒಂದು ಮಿಲಿಸೆಕೆಂಡ್ ಅಂದರೆ 34 ಸೆಂಟಿಮೀಟರ್.

ಕಿವಿಯಲ್ಲೇ ಸರಿ ಮಾಡಬಹುದು. ಕ್ರಾಸ್‌ಓವರ್ (ಸಬ್ ಬಿಟ್ಟು ಸ್ಪೀಕರ್ ಹಿಡಿಯುವ ಗಡಿ) ಕಂಪನದ ಒಂದೇ ಸ್ವರ ಹಾಕಿ. ಸಬ್‌ನ ಪೋಲಾರಿಟಿ ತಿರುಗಿಸಿ, ಅಂದರೆ ಪ್ಲಸ್ ಮೈನಸ್ ಅದಲುಬದಲು ಮಾಡಿ. ಕುರ್ಚಿಯಲ್ಲಿ ಕೂತು, ಸಬ್‌ನ ಫೇಸ್ ಗುಂಡಿಯನ್ನು ಮೆಲ್ಲಗೆ ತಿರುಗಿಸಲು ಇನ್ನೊಬ್ಬರಿಗೆ ಹೇಳಿ. ಒಂದು ಕಡೆ ಸದ್ದು ಪುಸಕ್ಕನೆ ಬಿದ್ದುಹೋಗುತ್ತದೆ. ಅಲ್ಲಿ ನಿಲ್ಲಿಸಿ, ಪೋಲಾರಿಟಿ ವಾಪಸ್ ತಿರುಗಿಸಿ. ಅತಿ ಜೋರು ಹುಡುಕುವುದಕ್ಕಿಂತ ಅತಿ ಸಣ್ಣದು ಹುಡುಕುವುದು ಕಿವಿಗೆ ಸುಲಭ.

* * *

ಕೊನೆಗೆ ಉಳಿದ ಗುಂಯ್‌ಗೆ ಈಕ್ವಲೈಸರ್. ರೂಮ್ ಇಕ್ಯೂ ವಿಜರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಒಂದು ಅಳತೆ ಮೈಕ್ ಇದ್ದರೆ ಸಾಕು. ಎದ್ದು ಬರುವ ಸ್ವರದ ಗುಡ್ಡ ಕಡಿಯಿರಿ, ಕಾಣೆಯಾದ ಸ್ವರದ ಗುಂಡಿ ತುಂಬಬೇಡಿ. 10 ಡೆಸಿಬೆಲ್ ಎತ್ತಿದರೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು, ಆದರೂ ಗುಂಡಿ ತುಂಬದು. ಎಷ್ಟು ಸುರಿದರೂ ಗೋಡೆ ಅಷ್ಟನ್ನೇ ತಿರುಗಿಸಿ ಕಳೆದುಬಿಡುತ್ತದೆ.

* * *

ನನ್ನದು ಬೇರೆ ಮಾತು. ಇನ್ನೊಂದು ಸಬ್‌ಗೆ ಜಾಗ ಇದ್ದರೆ 12 ಇಂಚು ಮರೆತು, ಈಗಿನದರ ಥರದ್ದೇ ಇನ್ನೊಂದು ಇಡಿ. ಆಡಿಯೋ ಉಪಕರಣ ತಯಾರಿಸುವ ಹಾರ್ಮನ್ ಸಂಸ್ಥೆಯ ಟಾಡ್ ವೆಲ್ಟಿ 2002ರಲ್ಲಿ ಇದನ್ನೇ ಲೆಕ್ಕ ಹಾಕಿ ತೋರಿಸಿದ್ದು. ಎದುರುಬದುರಿನ ಎರಡು ಗೋಡೆಗಳಲ್ಲಿ ಪ್ರತಿಯೊಂದರ ಮಧ್ಯಭಾಗಕ್ಕೆ ಒಂದೊಂದು ಇಟ್ಟರೆ ಮೊದಲ ಮೋಡ್ ಎರಡೂ ಕಡೆಯಿಂದ ತಳ್ಳಿಸಿಕೊಂಡು ಏಳುವುದೇ ಇಲ್ಲ. ನನ್ನ ಕೋಣೆಯಲ್ಲಿ ಈಗ ಯಾವ ಕುರ್ಚಿಯಲ್ಲಿ ಕೂತರೂ ಡಗ್ಗದ ಮೀಂಡು ಒಂದೇ ಥರ.

* * *

ಒಬ್ಬರೇ ಕೇಳುವುದಾದರೆ ಎರಡನೇ ಸಬ್ ಯಾಕೆ? ಕುರ್ಚಿ ಒಂದೇ ತಾನೇ. ಮೊದಲು ಇರುವುದನ್ನು ದಾರಿಗೆ ತನ್ನಿ.

* * *

ಪ್ರಶ್ನೆ ಕೇಳಿದವನು ವಾಪಸ್ ಬಂದೆ, ಎರಡು ಭಾನುವಾರ ಕಳೆದು.

ಎ ತಂತಿ, ನಾಲ್ಕನೇ ಫ್ರೆಟ್: ಹೌದು, ಅದೇ ಸ್ವರ! ಕುರ್ಚಿ 60 ಸೆಂಟಿಮೀಟರ್ ಹಿಂದೆ ಹೋಯಿತು. ಅಂಬೆಗಾಲೂ ಆಯಿತು, ಮಂಡಿ ನೋಯುತ್ತಿದೆ. ಸಬ್ ಈಗ ಮುಂದಿನ ಗೋಡೆಯಲ್ಲಿ, ಬಲ ಸ್ಪೀಕರಿನ ಒಳಪಕ್ಕ. ಕ್ರಾಸ್‌ಓವರ್ 120ರಲ್ಲಿತ್ತು, 75ಕ್ಕೆ ಇಳಿಸಿದೆ. ಫೇಸ್ ಗುಂಡಿ ತಿರುಗಿಸುವಾಗ ಸದ್ದು ಬಿದ್ದುಹೋಗಿದ್ದು ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. 69ರಲ್ಲಿ ಇನ್ನೂ 5 ಡೆಸಿಬೆಲ್ ಗುಡ್ಡ ಉಳಿದಿತ್ತು, ಕಡಿದೆ. ಸಬ್‌ನ ವಾಲ್ಯೂಮ್ ಮೊದಲಿದ್ದ ಅರ್ಧಕ್ಕೂ ಕಡಿಮೆ ಇದೆ. ಸದ್ಯಕ್ಕೆ ಪೆಟ್ಟಿಗೆ ಕಟ್ಟುವುದಿಲ್ಲ.

41 ಹರ್ಟ್ಸ್ ಬರುತ್ತಿದೆ ಅನ್ನುವುದಕ್ಕೆ ಸಾಕ್ಷಿ ಕೂಡ ಇದೆ. ಆ ಸ್ವರ ಬಂದಾಗಲೆಲ್ಲ ಕೋಣೆಯಲ್ಲಿ ಏನೋ ಒಂದು ಟರ್ ಅನ್ನುತ್ತದೆ. ಕಪಾಟಿನ ಬಾಗಿಲು ಅಂದುಕೊಂಡು ಕಾಗದ ಮಡಚಿ ಸಿಕ್ಕಿಸಿದೆ, ಅದಲ್ಲ. ಕಿಟಕಿಯ ಗಾಜು ಬೆರಳಲ್ಲಿ ಒತ್ತಿ ಹಿಡಿದೆ, ಅದೂ ಅಲ್ಲ. ಹುಡುಕುತ್ತಿದ್ದೇನೆ.