ಬ್ಯಾಟ್‌ಮ್ಯಾನ್ ಮೆಶ್: ಟಿಕ್ಯು 250 ಇರುವ ನೋಡ್ ಡೇಟಾ ನುಂಗುತ್ತಿದೆ

ಪ್ರಶ್ನೆ:
ನನ್ನದು ವೈಫೈ ಮೆಶ್, ಅಂದರೆ ಒಂದರ ಡೇಟಾವನ್ನು ಇನ್ನೊಂದು ದಾಟಿಸುವ ರೂಟರ್‌ಗಳ (ನೋಡ್) ಜಾಲ: ಓಪನ್‌ಡಬ್ಲ್ಯುಆರ್‌ಟಿ (ರೂಟರ್ ಆಪರೇಟಿಂಗ್ ಸಿಸ್ಟಮ್), 802.11ಎಸ್ (ವೈಫೈನ ಮೆಶ್ ಮಾನದಂಡ) ಮೇಲೆ ದಾರಿ ಆರಿಸುವ ಬ್ಯಾಟ್‌ಮ್ಯಾನ್-ಅಡ್ವಾನ್ಸ್ಡ್ (ನಾಲ್ಕನೇ ಆವೃತ್ತಿಯ ಅಲ್ಗಾರಿದಮ್), ಸೇರುವವರನ್ನು ಪರಿಶೀಲಿಸುವ ಎಸ್‌ಎಇ ಪಾಸ್‌ವರ್ಡ್, ಒಟ್ಟು 5 ನೋಡ್. 3ನೇ ನೋಡ್‌ನ ಟಿಕ್ಯು (ದಾರಿಯ ಗುಣಮಟ್ಟಕ್ಕೆ 255ರವರೆಗೆ ಕೊಡುವ ಅಂಕ) 240-250 ಇರೋದರಿಂದ ಉಳಿದವೆಲ್ಲ ಅದರ ಮೂಲಕವೇ ಹೋಗುತ್ತವೆ. ಪಿಂಗ್ ಸರಿಯಾಗಿದೆ, ವೆಬ್ ಪುಟ ಮಾತ್ರ ಅರ್ಧಕ್ಕೇ ನಿಲ್ಲುತ್ತೆ. ಯಾರಾದರೂ ಆ ನೋಡ್ ಕೆಡಿಸಿರಬಹುದಾ? ಹೊರಗಿಡೋದು ಹೇಗೆ?

ಉತ್ತರ:
ಕಳ್ಳ ಅನ್ನೋ ಮೊದಲು ಎಂಟಿಯು (ಒಂದೇ ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ) ನೋಡಿ. ಟಿಕ್ಯು ಎಣಿಸೋದು ಓಜಿಎಂಗಳನ್ನು ಮಾತ್ರ. ಅವು ‘ನಾನಿದ್ದೇನೆ’ ಅಂತ ಪ್ರತಿ ನೋಡ್ ಎಲ್ಲರಿಗೂ ಸಾರುವ, ಮಾಮೂಲಿಯಾಗಿ ಸೆಕೆಂಡಿಗೊಂದು ಬರುವ ಪುಟ್ಟ ಬ್ರಾಡ್‌ಕಾಸ್ಟ್ ಪ್ಯಾಕೆಟ್‌ಗಳು. ಡೇಟಾ ನಿಜವಾಗಿ ಮುಂದೆ ಹೋಯಿತೋ ಇಲ್ಲವೋ ಅಂತ ಯಾರೂ ಪರೀಕ್ಷಿಸಲ್ಲ. ಹಾಗಾಗಿ ದೊಡ್ಡ ಪ್ಯಾಕೆಟ್ ನುಂಗುವ ನೋಡ್‌ಗೂ ಅಂಕ ಇಳಿಯಲ್ಲ.

3ನೇ ನೋಡ್ ದಾಟಿ ಆಚೆಗಿರುವ ನೋಡ್‌ಗೆ ಮೊದಲು 1400, ಆಮೇಲೆ 1472 ಬೈಟ್‌ನ ಐಪಿ ಪಿಂಗ್ ಕಳಿಸಿ. ಮೊದಲನೆಯದು ಹೋಗಿ ಎರಡನೆಯದು ಬಿದ್ದರೆ ಕಾರಣ ಸಿಕ್ಕಿತು: ಬ್ಯಾಟ್‌ಮ್ಯಾನ್ ಹೆಡರ್‌ಗೆ 32 ಬೈಟ್‌ವರೆಗೆ ಬೇಕು, ಮೆಶ್ ಇಂಟರ್‌ಫೇಸ್‌ನ ಎಂಟಿಯು 1532 ಇರಬೇಕು. 1500 ಇದ್ದರೂ ಬ್ಯಾಟ್‌ಮ್ಯಾನ್‌ನ ಫ್ರಾಗ್ಮೆಂಟೇಶನ್ (ದೊಡ್ಡ ಪ್ಯಾಕೆಟ್ ತುಂಡರಿಸಿ ಕಳಿಸೋದು) ಆನ್ ಆಗಿದ್ದರೆ ನಡೆಯುತ್ತೆ, ನಿಧಾನವಾಗಿ. ಆಫ್ ಮಾಡಿದ್ದರೆ ಪ್ಯಾಕೆಟ್ ಸದ್ದಿಲ್ಲದೆ ಬೀಳುತ್ತೆ. ಜೊತೆಗೆ 802.11ಎಸ್‌ನ ಮೆಶ್ ಫಾರ್ವರ್ಡಿಂಗ್ ಎಲ್ಲ ನೋಡ್‌ನಲ್ಲೂ 0 (ಆಫ್) ಇರಲಿ. ಇಲ್ಲದಿದ್ದರೆ 802.11ಎಸ್ ತಾನೇ ದಾರಿ ಹುಡುಕಿ, ಎರಡು ಹಾಪ್ (ಒಂದು ನೋಡ್‌ನಿಂದ ಮುಂದಿನದಕ್ಕೆ ಒಂದು ಜಿಗಿತ) ದೂರದ ನೋಡ್‌ ಅನ್ನು ಬ್ಯಾಟ್‌ಮ್ಯಾನ್‌ಗೆ ಪಕ್ಕದ ನೋಡ್‌ನಂತೆ ತೋರಿಸುತ್ತೆ.

ಪ್ರಶ್ನೆ ಕೇಳಿದವರು:
1472 ಬೈಟ್‌ನ ಪಿಂಗ್ ಒಂದೂ ಹೋಗಲಿಲ್ಲ. 3ರಲ್ಲಿ ಎಂಟಿಯು 1500, ಫ್ರಾಗ್ಮೆಂಟೇಶನ್ ಆಫ್. 1532 ಮಾಡಿದ ಮೇಲೆ ಸರಿಯಾಯಿತು. ಆದರೆ ನಿಜವಾಗಿಯೂ ದುರುದ್ದೇಶದ ನೋಡ್ ಬಂದಿದ್ದರೆ?

ಉತ್ತರ:
ಬ್ಯಾಟ್‌ಮ್ಯಾನ್‌ನಲ್ಲಿ ಅದಕ್ಕೆ ಮದ್ದಿಲ್ಲ. ಎಸ್‌ಎಇ ಹೊರಗಿನವರನ್ನು ತಡೆಯುತ್ತೆ, ಅಷ್ಟೇ. ಓಜಿಎಂಗೆ ಸಹಿ ಇರಲ್ಲ, ಪಾಸ್‌ವರ್ಡ್ ಇದ್ದವನು ಏನು ಹೇಳಿದರೂ ಉಳಿದವು ನಂಬುತ್ತವೆ. ಒಬ್ಬನನ್ನು ತೆಗೆಯಬೇಕೆಂದರೆ ಉಳಿದ 4ರಲ್ಲೂ ಪಾಸ್‌ವರ್ಡ್ ಬದಲಿಸಿ.

2000ದಲ್ಲಿ ಸ್ಟ್ಯಾನ್‌ಫರ್ಡ್‌ನವರು ‘ವಾಚ್‌ಡಾಗ್’ ಉಪಾಯ ಕೊಟ್ಟರು: ಪಕ್ಕದ ನೋಡ್ ಪ್ಯಾಕೆಟ್ ಮುಂದೆ ಕಳಿಸುತ್ತಾ ಅಂತ ಕಿವಿಗೊಟ್ಟು ಕೇಳೋದು. ಇಲ್ಲಿ ಅದು ನಡೆಯಲ್ಲ. 802.11ಎಸ್‌ನಲ್ಲಿ ಪ್ರತಿ ಜೋಡಿಗೂ ಬೇರೆ ಕೀ, ಮುಂದಿನ ಹಾಪ್‌ನ ಫ್ರೇಮ್ ನಿಮಗೆ ಓದಲಾಗದು. ಡಿಕ್ಕಿಯಾದ ಫ್ರೇಮ್‌ಗಳಿಂದ ಸುಳ್ಳು ಆರೋಪವೂ ಬರುತ್ತೆ.

ಅದಕ್ಕೇ ತುದಿಯಿಂದ ತುದಿಗೆ ಅಳೆಯಿರಿ: ಬ್ಯಾಟ್‌ಸಿಟಿಎಲ್‌ನ (ಬ್ಯಾಟ್‌ಮ್ಯಾನ್‌ನ ಕಮಾಂಡ್ ಸಾಧನ) ಥ್ರೂಪುಟ್ ಮೀಟರ್, ಅಂದರೆ ಡೇಟಾ ವೇಗದ ಅಳತೆ, ಮಾಮೂಲಿಯಾಗಿ 10 ಸೆಕೆಂಡ್ ಓಡುತ್ತೆ. ಸಂಶಯದ ನೋಡ್‌ನ ಹಾಪ್ ಪೆನಾಲ್ಟಿಯನ್ನು (ಅದರ ಮೂಲಕ ಹೋಗುವ ದಾರಿಯ ಟಿಕ್ಯು ಇಳಿಸುವ ದಂಡ) 30ರಿಂದ 150ಕ್ಕೆ ಏರಿಸಿ ಮತ್ತೊಮ್ಮೆ ಅಳೆಯಿರಿ, ಬೇರೆ ದಾರಿ ಇದ್ದರೆ ಟ್ರಾಫಿಕ್ ಅತ್ತ ತಿರುಗುತ್ತೆ. ಆದರೆ ಈ ದಂಡ ಹಾಕಿಕೊಳ್ಳಬೇಕಾದ್ದು ಆ ನೋಡೇ. ನಿಮ್ಮ ಕೈಲಿರುವ ನೋಡ್ ಆದರೆ ಮಾತ್ರ ಇದು ಉಪಯೋಗ.