ಸಹಾಯ ಬೇಕು: ತುಮಕೂರಿನಲ್ಲಿ ಲೈವ್ ರೆಕಾರ್ಡಿಂಗ್ ಮಾಡುವವರು

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಜನರ ರಾಕ್ ಬ್ಯಾಂಡ್, ಬಟವಾಡಿ ಹತ್ತಿರ ಪ್ರಾಕ್ಟೀಸ್. ಯೂಟ್ಯೂಬಿನಲ್ಲಿ ಹಳೇ ಸಿನಿಮಾ ಹಾಡು ಹಾಡಿಯೇ ಜನ ಬಂದರು, ಆದರೆ ಅವಕ್ಕೆಲ್ಲ ಕಾಪಿರೈಟ್ ಕ್ಲೇಮ್ (ಹಾಡಿನ ಹಕ್ಕು ತಮ್ಮದು ಅಂತ ಮಾಲೀಕರು ಹೇಳುವುದು) ಬಂತು. ಈಗ ಸ್ವಂತ ಹಾಡು ಮಾಡುತ್ತಿದ್ದೇವೆ. 1000 ಸಬ್‌ಸ್ಕ್ರೈಬರ್ಸ್ ಆಗಿದ್ದಾರೆ. ಜಾಹೀರಾತಿನ ಹಣಕ್ಕೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆಯೂ ಬೇಕು, ಶಾರ್ಟ್ಸ್ (ಚಿಕ್ಕ ವಿಡಿಯೋ) ಫೀಡಿನಲ್ಲಿ ನೋಡಿದ್ದು ಅದಕ್ಕೆ ಸೇರುವುದಿಲ್ಲ. ಅದಕ್ಕೇ ಉದ್ದದ ಲೈವ್ ವಿಡಿಯೋ ಮಾಡಲು ದೇವರಾಯನದುರ್ಗ ಬೆಟ್ಟಕ್ಕೆ ಹೋದೆವು. ವಿಡಿಯೋ ಚೆನ್ನಾಗಿ ಬಂತು, ಮೈಕಿಗೆ ಗಾಳಿ ನುಗ್ಗಿ ಹಾಡೇ ಕೇಳಿಸುತ್ತಿಲ್ಲ. ಎರಡು ವರ್ಷ ಕೂತು ಬರೆದ ಹಾಡು. ತುಂಬಾ ಬೇಜಾರಾಯಿತು.

ಡ್ರಮ್ಸ್, ಗಿಟಾರ್, ದನಿ ಬೇರೆ ಬೇರೆ ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ ಮಿಕ್ಸ್ ಮಾಡುವವರು ಇಲ್ಲಿ ಯಾರಾದರೂ ಇದ್ದೀರಾ? ಸುಮ್ನೆ ಮಾಡಿಕೊಡಿ ಅಂತಿಲ್ಲ, ದುಡ್ಡು ಕೊಡುತ್ತೇವೆ.

ಇನ್ನೊಂದು ಮಾತು. ಹಳೇ ಹಾಡಿಗೆ ಬಂದವರು ಹೊಸದನ್ನು ಜಾಸ್ತಿ ನೋಡುತ್ತಿಲ್ಲ. ಬೇರೆ ಚಾನೆಲ್ ಮಾಡಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.